ಸಹಾಯ ಬೇಕು: ರೊಕ್ಕ ಕೊಟ್ಟು ನೋಡುವಂಥ ರೆಸ್ಲಿಂಗ್ ಶೋ ಯಾವುದ್ರೀ?

ನಮಸ್ಕಾರ್ರೀ. ನಾ ಬಾಗಲಕೋಟಿ ನವನಗರದಾಂವ. ನನ್ನ ಮಗಗ ಡಬ್ಲ್ಯೂಡಬ್ಲ್ಯೂಇ (ಅಮೆರಿಕದ ರೆಸ್ಲಿಂಗ್ ಶೋ) ಹುಚ್ಚು. 2025ರ ಏಪ್ರಿಲ್‌ನಿಂದ ಅದು ನೆಟ್‌ಫ್ಲಿಕ್ಸ್‌ನಾಗ ಬರಾಕತ್ತೈತಿ. ವರ್ಷಪೂರ್ತಿ ಕಟ್ಟೂದು ನನಗ ಒಜ್ಜಿ, ದೊಡ್ಡ ಶೋ ಇದ್ದ ತಿಂಗಳಷ್ಟ ಕಟ್ಟೋಣಂತ ವಿಚಾರ.

ಅದರ ದೊಡ್ಡ ಶೋಗಳಾಗ ರಾಯಲ್ ರಂಬಲ್ ನನಗೂ ಸೇರತೈತಿ. 30 ಮಂದಿ ಒಬ್ಬರ ಹಿಂದೊಬ್ಬರು ಬರತಾರ. ಬಜರ್ ಬಡಿಯೂದ ತಡ, ಈಗ ಯಾರು ಬರತಾರಂತ ಮಗ ಹಾಸಿಗಿ ಮ್ಯಾಲ ನಿಂತು ಒದರತಾನ! ಮ್ಯಾಲಿನ ಹಗ್ಗ ದಾಟಿ ಹೊರಗ ಬಿದ್ದು ಎರಡೂ ಕಾಲು ನೆಲಕ್ಕ ಹತ್ತಿದ್ರ ಔಟ್. ಗೆದ್ದಾಂವಗ ವರ್ಷದ ಎಲ್ಲಾಕ್ಕಿಂತ ದೊಡ್ಡ ಶೋ ರೆಸಲ್‌ಮೇನಿಯಾದಾಗ ಚಾಂಪಿಯನ್ ಪಟ್ಟಕ್ಕ ಆಡೂ ಅವಕಾಶ, ಹಂಗಾಗಿ ಕತಿ ಮುಂದ ಸಾಗತೈತಿ. ರೆಸಲ್‌ಮೇನಿಯಾ 2020ರಿಂದ ಎರಡು ದಿನದ್ದು, ನಮಗ ನಸುಕಿನ್ಯಾಗ. ಹೋದ ಸಲ ಎದ್ದು ಚಾ ಮಾಡ್ಕೊಂಡು ಕುಂತ್ರ ಕರೆಂಟ್ ಹೋತು.

ಗೆಲ್ಲಾಂವ ಯಾರಂತ ಮೊದಲ ಬರದಿರತಾರ, ಗೊತ್ತೈತ್ರಿ. ಜಾತ್ರ್ಯಾಗ ಮಣ್ಣಿನ ಕುಸ್ತಿ ನೋಡಿ ಬೆಳದ ನಮ್ಮಪ್ಪಾರು ಇದನ್ನ ಬಯಲಾಟ ಅಂತಾರ. ಬಯಲಾಟಾದ್ರೂ ಚಂದ ಇರಬೇಕಲ್ರೀ?

ಉಳಿದ ದೊಡ್ಡ ಶೋಗಳಾಗ ಸಮ್ಮರ್‌ಸ್ಲ್ಯಾಮ್‌ಗೆ ಕಟ್ಟಲ್ಯೋ, ಸರ್ವೈವರ್ ಸೀರೀಸ್‌ಗೋ? ಸರ್ವೈವರ್ ಸೀರೀಸ್‌ನಾಗ ಎರಡು ರಿಂಗ್ ಮ್ಯಾಲ ಪಂಜರ ಹಾಕಿ ಆಡೂ ವಾರ್‌ಗೇಮ್ಸ್ ಆಟ 8 ವರ್ಷದ ಹುಡುಗಗ ತೋರಿಸಬೋದೇನು? ನೋಡಿದವರು ಹೇಳ್ರಿ.