ರಿಕರ್ಷನ್ ಇರುವುದು ಭಾಷೆಯಲ್ಲೋ, ಆಲೋಚನೆಯಲ್ಲೋ?

ಪ್ರಶ್ನೆ:
ನಾನು ಪ್ರೋಗ್ರಾಮಿಂಗ್ ಕಲಿಸುವವನು. ಮನುಷ್ಯಭಾಷೆಯನ್ನು ಉಳಿದ ಪ್ರಾಣಿಗಳ ಸಂವಹನದಿಂದ ಬೇರೆಯಾಗಿಸುವುದು ರಿಕರ್ಷನ್ (ಒಂದು ರಚನೆಯೊಳಗೆ ಅಂಥದ್ದೇ ಇನ್ನೊಂದನ್ನು ಇರಿಸುತ್ತ ಹೋಗುವುದು) ಒಂದೇ ಇರಬಹುದೆಂದು ಹೌಸರ್, ಚಾಮ್‌ಸ್ಕಿ ಮತ್ತು ಫಿಚ್ 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದ ವಾದವನ್ನು ಓದಿದೆ. ಆದರೆ ಮೂರು ಹಂತ ಒಳಗಿಳಿಯುವಷ್ಟರಲ್ಲಿ ದಾರಿ ತಪ್ಪುವ ನಮ್ಮ ಮನಸ್ಸು ನಿಜಕ್ಕೂ ಹೀಗೆ ಯೋಚಿಸುತ್ತದೆಯೇ?

ಉತ್ತರ 1:
‘ಗಿರಿಜೆ ಬಂದಳೆಂದು ಶಾಂತೆ ಹೇಳಿದಳೆಂದು ರಂಗ ನಂಬಿದ’ ಎಂಬ ವಾಕ್ಯ ಯಾರಿಗೂ ತೊಡಕೆನಿಸುವುದಿಲ್ಲ. ಇದನ್ನೇ ‘ರಂಗ ಶಾಂತೆ ಗಿರಿಜೆ ಬಂದಳೆಂದು ಹೇಳಿದಳೆಂದು ನಂಬಿದ’ ಎಂದು ಬರೆದರೆ ವ್ಯಾಕರಣ ಕೆಡದಿದ್ದರೂ ಇನ್ನೊಮ್ಮೆ ಓದಬೇಕಾಗುತ್ತದೆ. ಹಂತಗಳು ಎರಡರಲ್ಲೂ ಅಷ್ಟೇ ಇವೆ. ಎರಡನೆಯದರಲ್ಲಿ ಮಾತ್ರ ಮೂವರು ಕರ್ತೃಗಳನ್ನೂ ಅವರವರ ಕ್ರಿಯಾಪದ ಸಿಗುವವರೆಗೆ ತಲೆಯಲ್ಲಿ ಹೊತ್ತುಕೊಂಡಿರಬೇಕು. ಸೋಲುವುದು ನೆನಪು, ರಿಕರ್ಷನ್ ಅಲ್ಲ. ಮಿಲ್ಲರ್ ಮತ್ತು ಚಾಮ್‌ಸ್ಕಿ 1963ರಲ್ಲೇ ಇದನ್ನು ವಿವರಿಸಿದ್ದರು. ಸ್ಟ್ಯಾಕ್ (ಅರ್ಧಕ್ಕೆ ನಿಂತ ಕೆಲಸಗಳನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಜಾಗ) ತುಂಬಿ ಪ್ರೋಗ್ರಾಂ ನಿಂತರೆ ಫಂಕ್ಷನ್ನೇ ತಪ್ಪೆಂದು ನೀವೂ ಹೇಳಲಾರಿರಿ.

ಪ್ರಶ್ನೆ ಕೇಳಿದವರು:
ಒಪ್ಪಿದೆ. ಆದರೆ ನಿಮ್ಮ ಮೊದಲ ವಾಕ್ಯದ ಪದಸರಣಿಯನ್ನು ಬರಿಯ ಲೂಪಿನಿಂದಲೂ, ಅಂದರೆ ಒಂದೇ ಹೆಜ್ಜೆಯನ್ನು ಸಾಲಾಗಿ ಮತ್ತೆಮತ್ತೆ ಇಡುವುದರಿಂದಲೂ, ಕಟ್ಟಬಹುದಲ್ಲವೇ? ಸುಲಭವಾದದ್ದು ರಿಕರ್ಷನ್ನಿಗೆ ಸಾಕ್ಷಿಯಾಗುವುದಿಲ್ಲ, ಸಾಕ್ಷಿಯಾಗುವುದು ಸುಲಭವಲ್ಲ ಎಂದಂತಾಯಿತು.

ಉತ್ತರ 2:
ಪದಸರಣಿಗೆ ಲೂಪ್ ಸಾಕು, ಅರ್ಥಕ್ಕೆ ಸಾಲದು. ಗಿರಿಜೆ ಬಾರದೇ ಇದ್ದರೂ ರಂಗನ ನಂಬಿಕೆ ನಿಜವಾಗಬಹುದು. ಶಾಂತೆ ಹಾಗೆಂದು ಹೇಳಿದ್ದರೆ ಸಾಕು. ಯಾವ ಮಾತು ಯಾವುದರ ಒಳಗಿದೆ ಎಂದು ಗೊತ್ತಿಲ್ಲದೆ ಈ ಲೆಕ್ಕ ಹಿಡಿಯಲಾಗದು. ಅಮೆಜಾನಿನ ಪಿರಹಾ ಭಾಷೆಯ ವಾಕ್ಯಗಳಲ್ಲಿ ರಿಕರ್ಷನ್ ಇಲ್ಲವೆಂದು 2005ರಲ್ಲಿ ವಾದಿಸಿದ ಭಾಷಾವಿಜ್ಞಾನಿ ಡೇನಿಯಲ್ ಎವರೆಟ್ ಅವರೂ (ಆ ವಾದವನ್ನು ಒಪ್ಪದವರು ಅನೇಕರು) ಆ ಜನರ ಆಲೋಚನೆಯಲ್ಲಿ ಅದು ಇಲ್ಲವೆನ್ನುವುದಿಲ್ಲ.

ಆಲೋಚನೆಯ ರಿಕರ್ಷನ್ ವಾಕ್ಯದ ರಿಕರ್ಷನ್ನಿಗಿಂತ ಬೇರೆಯೆನ್ನಲು ನನಗೆ ಹೆಚ್ಚು ಗಟ್ಟಿಯೆನಿಸುವ ಪುರಾವೆ ಮನೋವಿಜ್ಞಾನಿಗಳಾದ ಪೆರ್ನರ್ ಮತ್ತು ವಿಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗ. ಮಕ್ಕಳಿಗೆ ಹೇಳಿದ ಕಥೆಯಲ್ಲಿ ಐಸ್‌ಕ್ರೀಂ ಗಾಡಿ ಪಾರ್ಕಿನಿಂದ ಚರ್ಚಿನ ಬಳಿಗೆ ಹೋಗುತ್ತದೆ. ಇದು ಜಾನ್‌ಗೂ ಮೇರಿಗೂ ಬೇರೆಬೇರೆಯಾಗಿ ತಿಳಿಯುತ್ತದೆ, ಆದರೆ ಮೇರಿಗೆ ತಿಳಿದಿದೆಯೆಂಬುದು ಜಾನ್‌ಗೆ ತಿಳಿಯದು. ಐಸ್‌ಕ್ರೀಂ ಕೊಳ್ಳಲು ಮೇರಿ ಎಲ್ಲಿಗೆ ಹೋಗಿದ್ದಾಳೆಂದು ಜಾನ್ ಎಣಿಸುತ್ತಾನೆ ಎಂದು ಕೇಳಿದಾಗ ‘ಪಾರ್ಕಿಗೆ’ ಎನ್ನುವ ಸರಿಯುತ್ತರ ಸುಮಾರು 6–7 ವರ್ಷದವರಿಂದ ಬರುತ್ತದೆ. ನಾಲ್ಕೈದರ ಮಕ್ಕಳು ವಾಕ್ಯಗಳನ್ನು ಲೀಲಾಜಾಲವಾಗಿ ಹೆಣೆಯಬಲ್ಲರಾದರೂ ಸಾಮಾನ್ಯವಾಗಿ ಗಾಡಿ ಈಗಿರುವ ಜಾಗವನ್ನೇ ಹೇಳಿಬಿಡುತ್ತಾರೆ.