ಶಾಲೆಯ ಗ್ರಂಥಾಲಯದಲ್ಲಿ ನಿಲ್ಲಿಸಲು ಯಾವ ರಾಕೆಟ್ಟಿನ ದೊಡ್ಡ ಮಾದರಿ ಕಟ್ಟುವುದು ಸೂಕ್ತ?

ವಿಜ್ಞಾನ ಶಿಕ್ಷಕಿ, ಸಾಗರ:
ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಸೇರಿಸಿಕೊಂಡು, ಗ್ರಂಥಾಲಯದಲ್ಲಿ ಕಾಯಂ ಆಗಿ ನಿಲ್ಲಿಸಬಹುದಾದ ದೊಡ್ಡ ರಾಕೆಟ್ ಮಾದರಿಯೊಂದನ್ನು ಕಟ್ಟಬೇಕೆಂದಿದ್ದೇವೆ. ಹಾರಿಸುವ ಉದ್ದೇಶವಿಲ್ಲ, ಪ್ರದರ್ಶನಕ್ಕೆ ಮಾತ್ರ. ಎರಡು ಕಪಾಟುಗಳ ನಡುವೆ ಎರಡು ಅಡಿ ಅಗಲದ ಜಾಗವಿದೆ. ಎತ್ತರ ಮಕ್ಕಳ ಎದೆಯ ಮಟ್ಟಕ್ಕಿಂತ ಕಡಿಮೆಯಿರಬಾರದು. ಮನುಷ್ಯರನ್ನು ಚಂದ್ರನತ್ತ ಒಯ್ದ ಅಮೆರಿಕದ ಸ್ಯಾಟರ್ನ್ 5, ನಮ್ಮ ಇಸ್ರೋದ ಪಿಎಸ್‌ಎಲ್‌ವಿ ಮತ್ತು ಎಲ್‌ವಿಎಂ3 ಈ ಮೂರು ರಾಕೆಟ್ಟುಗಳ ನಡುವೆ ಮಕ್ಕಳ ಅಭಿಪ್ರಾಯ ಹಂಚಿಹೋಗಿದೆ. ಸಿದ್ಧ ಕಿಟ್ ತರಿಸಬೇಕೇ, ನಾವೇ ಕಟ್ಟಬೇಕೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಿ.

ಹಂಟ್ಸ್‌ವಿಲ್ ಕನ್ನಡಿಗ:
ಮೇಡಂ, ನನ್ನ ಮತ ಸ್ಯಾಟರ್ನ್ 5ಕ್ಕೆ. ಅಮೆರಿಕದ ಹಂಟ್ಸ್‌ವಿಲ್‌ನಲ್ಲಿರುವ ನಮ್ಮ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ನಿಜವಾದ ಸ್ಯಾಟರ್ನ್ 5 ಒಂದನ್ನು ಮಲಗಿಸಿಟ್ಟಿದ್ದಾರೆ; ಹ್ಯೂಸ್ಟನ್ನಿನಲ್ಲಿ ಮತ್ತು ಫ್ಲಾರಿಡಾದ ಕೆನಡಿ ಕೇಂದ್ರದಲ್ಲಿ ಇನ್ನೆರಡು ಇವೆ. ಅದರ ಎತ್ತರ 110.6 ಮೀಟರ್ ಆದ್ದರಿಂದ ನೂರನೇ ಒಂದರ ಅಳತೆಯಲ್ಲಿ ಕಟ್ಟಿದರೆ ಮಾದರಿ ಸುಮಾರು 111 ಸೆಂ.ಮೀ. ಆಗುತ್ತದೆ, ಮಕ್ಕಳಿಗೂ ಲೆಕ್ಕ ಸುಲಭ. ಆ ಅಳತೆಯ, ಎಸ್ಟಿಸ್ ಎಂಬ ಕಂಪನಿಯ ಕಿಟ್ ಅಮೆರಿಕದ ಹವ್ಯಾಸಿಗಳಲ್ಲಿ ಬಹಳ ಪ್ರಸಿದ್ಧ. ಆದರೆ ಅದು ಹಾರಿಸುವುದಕ್ಕೆಂದೇ ಮಾಡಿದ ಕಿಟ್. ಮೋಟರಿನ ಗೂಡು, ಪ್ಯಾರಾಚೂಟ್ ಇವುಗಳಿಗೂ ಸೇರಿಸಿ ಹಣ ಕೊಟ್ಟಂತಾಗುತ್ತದೆ. ಈ ರಾಕೆಟ್ಟಿನ ಸೊಗಸೆಲ್ಲ ಮೈಮೇಲಿನ ಸಾಲು ಸಾಲು ಉದ್ದಗೆರೆಗಳಲ್ಲಿ ಮತ್ತು ಕಪ್ಪು ಬಿಳುಪಿನ ಪಟ್ಟೆಗಳಲ್ಲಿದೆ. ಅವನ್ನು ತಾಳ್ಮೆಯಿಂದ ಕೂರಿಸುವವರಿದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಮಾದರಿ ತಯಾರಕ, ಮೈಸೂರು:
ಮೇಡಂ, ರಾಕೆಟ್ಟನ್ನು ಆರಿಸುವ ಮೊದಲು ಪೈಪು ಅಂಗಡಿಗೆ ಒಮ್ಮೆ ಹೋಗಿಬನ್ನಿ. ಪ್ರದರ್ಶನದ ಮಾದರಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ನೇರವಾದ, ಸರಿಯಾಗಿ ದುಂಡಗಿರುವ ಕೊಳವೆಯನ್ನು ಮಾಡುವುದು; ಅದು ಸಿದ್ಧವಾಗಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ನಮ್ಮಲ್ಲಿ ಪಿವಿಸಿ ಪೈಪುಗಳು ಹೊರವ್ಯಾಸದ ಲೆಕ್ಕದಲ್ಲಿ 40, 50, 63, 75, 90, 110, 125, 140 ಮಿ.ಮೀ. ಹೀಗೆ ಬರುತ್ತವೆ.

ಈಗ ಎಲ್‌ವಿಎಂ3ಯನ್ನು ನೋಡಿ. ನಡುವಿನ ಹಂತದ ವ್ಯಾಸ 4 ಮೀಟರ್, ಮೇಲೇರಲು ಹೆಚ್ಚಿನ ಬಲ ಕೊಡುವ ಅಕ್ಕಪಕ್ಕದ ಎರಡು ಎಸ್200 ಬೂಸ್ಟರುಗಳದ್ದು 3.2 ಮೀಟರ್, ಉಪಗ್ರಹವನ್ನು ಮುಚ್ಚಿ ಕಾಯುವ ಮೇಲಿನ ಉಷ್ಣಕವಚದ್ದು 5 ಮೀಟರ್. ಇವನ್ನು 1:36ರ ಅಳತೆಗೆ ತರಲು 36ರಿಂದ ಭಾಗಿಸಿದರೆ ಕ್ರಮವಾಗಿ 111, 89 ಮತ್ತು 139 ಮಿ.ಮೀ. ಬರುತ್ತದೆ. ಅಂದರೆ 110, 90 ಮತ್ತು 140ರ ಪೈಪುಗಳು ಒಂದು ಮಿಲಿಮೀಟರಿನಷ್ಟು ವ್ಯತ್ಯಾಸದಲ್ಲಿ ಹೊಂದಿಕೊಳ್ಳುತ್ತವೆ. ಎತ್ತರ 43.5 ಮೀಟರ್, ಆದ್ದರಿಂದ ಮಾದರಿ ಸುಮಾರು 121 ಸೆಂ.ಮೀ. ಆಗುತ್ತದೆ, ಅಗಲ ಒಂದು ಅಡಿಯ ಆಸುಪಾಸು, ನಿಮ್ಮ ಜಾಗದಲ್ಲಿ ಧಾರಾಳವಾಗಿ ಹಿಡಿಸುತ್ತದೆ.

ಪಿಎಸ್‌ಎಲ್‌ವಿಯೂ 1:25ರಲ್ಲಿ ಚೆನ್ನಾಗಿ ಕೂರುತ್ತದೆ. 2.8 ಮೀಟರಿನ ದೇಹಕ್ಕೆ 110ರ ಪೈಪು, 1 ಮೀಟರಿನ ಬೂಸ್ಟರುಗಳಿಗೆ 40ರದ್ದು, 3.2 ಮೀಟರಿನ ಉಷ್ಣಕವಚಕ್ಕೆ 125ರದ್ದು ಸಾಕು. ಆದರೆ ಎತ್ತರ 178 ಸೆಂ.ಮೀ. ಮುಟ್ಟುತ್ತದೆ, ಚಂದ್ರಯಾನ-1ನ್ನು ಒಯ್ದ ಎಕ್ಸ್‌ಎಲ್ ರೂಪಕ್ಕೆ ಆರು ಬೂಸ್ಟರುಗಳನ್ನು ಒಂದೇ ಸಮನಾಗಿ ಜೋಡಿಸಬೇಕು. ಇಸ್ರೋದ ಇನ್ನೊಂದು ರಾಕೆಟ್ಟಾದ ಜಿಎಸ್‌ಎಲ್‌ವಿ ಮಾರ್ಕ್ 2 ಬೇಡ. 1:25ರಲ್ಲಿ ಅದರ ಬೂಸ್ಟರುಗಳ ಅಳತೆ 75 ಮತ್ತು 90ರ ನಡುವೆ ಬಂದು ಯಾವುದಕ್ಕೂ ಹೊಂದುವುದಿಲ್ಲ.

ಇನ್ನೊಂದು ಮಾತು. ಪಿಎಸ್‌ಎಲ್‌ವಿ, ಎಲ್‌ವಿಎಂ3 ಎರಡಕ್ಕೂ ಬುಡದಲ್ಲಿ ದೊಡ್ಡ ರೆಕ್ಕೆಗಳಿಲ್ಲದ ಕಾರಣ, ಅವುಗಳ ಹಾರುವ ಮಾದರಿ ಮಾಡುವವರು ಸ್ಥಿರತೆಗಾಗಿ ಪಾರದರ್ಶಕ ಪ್ಲಾಸ್ಟಿಕ್ ರೆಕ್ಕೆಗಳನ್ನು ಅಂಟಿಸಿ ರೂಪ ಕೆಡಿಸಬೇಕಾಗುತ್ತದೆ. ನಿಮಗೆ ಆ ಕಟ್ಟುಪಾಡಿಲ್ಲ. ಹಾರದ ಮಾದರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ.

ತಿರುವನಂತಪುರದಿಂದ:
ಇವಲ್ಲದೆ ಇನ್ನೊಂದು ದಾರಿಯೂ ಇದೆ ಎಂದು ಹೇಳಲು ಬರೆಯುತ್ತಿದ್ದೇನೆ. ಇಲ್ಲಿನ ತುಂಬಾ ಎಂಬ ಊರಿನ ಉಡಾವಣಾ ಕೇಂದ್ರದಿಂದ ಹಾರಿದ ರೋಹಿಣಿ ಸರಣಿಯ ಪುಟ್ಟ ಸಂಶೋಧನಾ ರಾಕೆಟ್ಟುಗಳ ಹೆಸರಿನಲ್ಲಿರುವ ಅಂಕಿಯೇ ಅವುಗಳ ವ್ಯಾಸ, ಅದೂ ಮಿಲಿಮೀಟರಿನಲ್ಲಿ. 1967ರಲ್ಲಿ ಮೊದಲು ಹಾರಿದ ಆರ್‌ಎಚ್-75ರ ವ್ಯಾಸ 75 ಮಿ.ಮೀ. ಹಾಗಾಗಿ 75ರ ಪೈಪಿನಿಂದ ಅದರ ಪೂರ್ಣ ಗಾತ್ರದ ಪ್ರತಿಕೃತಿಯನ್ನೇ ಮಾಡಬಹುದು. ‘ಇದು ಇಷ್ಟೇ ದಪ್ಪವಿತ್ತು’ ಎಂದು ಮಕ್ಕಳು ಎರಡೂ ಕೈಗಳಿಂದ ಬಳಸಿ ಹಿಡಿದು ನೋಡುವ ಅವಕಾಶ ಅಳತೆ ಕುಗ್ಗಿಸಿದ ಯಾವ ಮಾದರಿಯಲ್ಲೂ ಸಿಗುವುದಿಲ್ಲ. ಎಲ್‌ವಿಎಂ3 ಮಾಡಿದರೂ ಅದರ ಪಕ್ಕದಲ್ಲಿ ಇದೊಂದನ್ನು ನಿಲ್ಲಿಸಿ ಎಂದು ನನ್ನ ವಿನಂತಿ.

ವಿಜ್ಞಾನ ಶಿಕ್ಷಕಿ, ಸಾಗರ:
ಎಲ್ಲರಿಗೂ ಧನ್ಯವಾದಗಳು. ಮೈಸೂರಿನ ಸರ್ ಕೊಟ್ಟ ಲೆಕ್ಕವನ್ನು ಮಕ್ಕಳಿಂದಲೇ ಮತ್ತೊಮ್ಮೆ ಮಾಡಿಸಿದೆ. ಎಲ್‌ವಿಎಂ3 ಎಂದು ತೀರ್ಮಾನಿಸಿದ್ದೇವೆ. ಮೂತಿಯ ಭಾಗಗಳನ್ನು ಹೇಗೆ ಮಾಡುವುದು, ಇಷ್ಟು ಎತ್ತರದ್ದು ವಾಲದಂತೆ ಹೇಗೆ ನಿಲ್ಲಿಸುವುದು ಎಂಬ ಎರಡು ಸಂಶಯಗಳು ಉಳಿದಿವೆ.

ಮಾದರಿ ತಯಾರಕ, ಮೈಸೂರು:
ಸಂತೋಷ. ಮೊದಲು ಯಾವ ಹಾರಾಟದ ರಾಕೆಟ್ ಎಂದು ನಿಶ್ಚಯಿಸಿಕೊಳ್ಳಿ, ಏಕೆಂದರೆ 2014ರ ಡಿಸೆಂಬರಿನ ಪ್ರಯೋಗಾರ್ಥ ಹಾರಾಟದ ನಂತರ ಉಷ್ಣಕವಚದ ಆಕಾರವನ್ನೂ ಬೂಸ್ಟರುಗಳ ಮೂತಿಯನ್ನೂ ಬದಲಾಯಿಸಿದರು. 2023ರ ಜುಲೈ 14ರಂದು ಚಂದ್ರಯಾನ-3ನ್ನು ಒಯ್ದದ್ದನ್ನು ಕಟ್ಟುವುದಾದರೆ ಉಷ್ಣಕವಚ ಬಾಗುಗೆರೆಯಲ್ಲಿ ಸಣ್ಣಗಾಗುತ್ತ ಹೋಗಬೇಕು, ಬೂಸ್ಟರುಗಳ ಮೂತಿ ನಡುವಿನ ದೇಹದ ಕಡೆಗೆ ವಾಲಿರಬೇಕು. ಹಳೆಯ ಚಿತ್ರವೊಂದನ್ನು ಮುಂದಿಟ್ಟುಕೊಂಡು ಹೊಸ ಹಾರಾಟದ ಹೆಸರು ಬರೆದರೆ, ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಉಷ್ಣಕವಚದ ಮೂತಿಯನ್ನು ಲೇತ್ ಇರುವ ಬಡಗಿಯಿಂದ ಮರದಲ್ಲಿ ಕಡೆಸಿ. ವಾಲಿದ ಮೂತಿಗಳನ್ನು ಲೇತಿನಲ್ಲಿ ತೆಗೆಯಲಾಗುವುದಿಲ್ಲ. ಅವನ್ನು ಮೆದು ಮರದಲ್ಲಿ ಕೆತ್ತಿ, ಪುಟ್ಟಿ ಹಚ್ಚಿ ಉಜ್ಜಬೇಕು. ಥರ್ಮಾಕೋಲ್ ಬಳಸುವುದಾದರೆ ಅದರ ಮೇಲೆ ನೇರವಾಗಿ ಸ್ಪ್ರೇ ಬಣ್ಣ ಹೊಡೆಯಬೇಡಿ, ಕರಗಿಹೋಗುತ್ತದೆ. ಫೆವಿಕಾಲಿನಲ್ಲಿ ಕಾಗದದ ಪದರಗಳನ್ನು ಅಂಟಿಸಿ ಒಣಗಿಸಿದ ಮೇಲೆ ಬಣ್ಣ ಕೊಡಿ. ಪೈಪಿನ ಮೇಲಿರುವ ಕಂಪನಿಯ ಹೆಸರಿನ ಅಚ್ಚನ್ನು ನೀರು ಹಾಕಿ ಉಜ್ಜುವ ಮರಳುಕಾಗದದಿಂದ ತೆಗೆದು, ಹೊಳಪು ಪೂರ್ತಿ ಹೋದ ಮೇಲೆಯೇ ಪ್ರೈಮರ್ ಹಚ್ಚಬೇಕು. ಇಲ್ಲದಿದ್ದರೆ ಬಣ್ಣ ಪದರವಾಗಿ ಎದ್ದುಬರುತ್ತದೆ.

ನಿಲ್ಲಿಸಲು 18 ಮಿ.ಮೀ. ಪ್ಲೈವುಡ್ಡಿನ ಹಲಗೆ ಸಾಕು. ಎರಡೂ 90ರ ಪೈಪುಗಳ ಬುಡದೊಳಗೆ ಬಿಗಿಯಾಗಿ ಕೂರುವ ಮರದ ಬಿಲ್ಲೆಗಳನ್ನು ಸಿಕ್ಕಿಸಿ, ಹಲಗೆಯ ಕೆಳಗಿನಿಂದ ಸ್ಕ್ರೂ ಹಾಕಿ. ನಡುವಿನ ದೇಹವನ್ನು ಹಲಗೆಗೆ ತಾಗಿಸದೆ, ಬೂಸ್ಟರುಗಳಿಗೆ ಮೇಲೊಂದು ಕೆಳಗೊಂದು ಬೋಲ್ಟಿನಿಂದ ಜೋಡಿಸಿ. ಅದರ ಬುಡದಲ್ಲಿರುವ ಎರಡು ವಿಕಾಸ್ ಎಂಜಿನ್ನುಗಳನ್ನು ಮಕ್ಕಳು ಬಗ್ಗಿ ನೋಡುವಷ್ಟು ಜಾಗ ಬಿಡಿ. ಬೂಸ್ಟರುಗಳ ಒಳಗೆ ಬುಡದ ಒಂದು ಗೇಣಿನಷ್ಟು ಒಣ ಮರಳು ತುಂಬಿದರೆ ಕೈತಾಗಿದರೂ ಅಲುಗದು.