ಅರಿವು ಕೇಂದ್ರದ ಕಂಪ್ಯೂಟರ್‌ಗಳಿಗೆ ಏನೇನು ನಿಯಮ ಇರಬೇಕು?

ಕುಷ್ಟಗಿ ಸೀಮೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರಕ್ಕೆ (ಊರ ಗ್ರಂಥಾಲಯಕ್ಕೆ) ನಾಲ್ಕು ಕಂಪ್ಯೂಟರ್, ಸ್ಕ್ಯಾನರ್ ಇರುವ ಒಂದು ಪ್ರಿಂಟರ್, 30 ಎಂಬಿಪಿಎಸ್ ಫೈಬರ್ ಸಂಪರ್ಕ ಬಂದಿದೆ. ಮೂರರಲ್ಲಿ ವಿಂಡೋಸ್ 10, ಒಂದರಲ್ಲಿ 11 ಇದೆ. ಶಾಲೆ ಮಕ್ಕಳು ಬರ್ತಾರ, ಕೆಪಿಎಸ್‌ಸಿ, ಪೊಲೀಸ್ ಪರೀಕ್ಷೆಗೆ ಓದೋರು ಬರ್ತಾರ, ವಿದ್ಯಾರ್ಥಿವೇತನ, ಪಹಣಿ, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರದ ಕೆಲಸಕ್ಕ ಊರವರೂ ಬರ್ತಾರ. ಗೋಡೆಗೆ ನಿಯಮದ ಫಲಕ ಹಾಕಬೇಕು. ಒಬ್ಬರಿಗೆ ಎಷ್ಟು ಹೊತ್ತು ಕೊಡಬೇಕು? ಆಧಾರ್ ಜೆರಾಕ್ಸ್ ಇಸ್ಕೊಂಡು ಇಟ್ಟುಕೋಬೇಕಾ? ಯೂಟ್ಯೂಬ್ ಬಂದ್ ಮಾಡಬೇಕಾ? ಪೆನ್‌ಡ್ರೈವ್ ಹಾಕಲಿಕ್ಕೆ ಬಿಡಬೇಕಾ? ಒಬ್ಬರು ಎದ್ದು ಹೋದ ಮೇಲೆ ಅವರ ಫೈಲ್ ಇನ್ನೊಬ್ಬರ ಕೈಗೆ ಸಿಗದಂಗ ಏನು ಮಾಡಬೇಕು? ಕೆಲಸ ಗೊತ್ತಿದ್ದವರು ವಿವರವಾಗಿ ತಿಳಿಸ್ರಿ.

ಪುಸ್ತಕದ ಕಪಾಟು

ಮೊದಲು ಸಮಯದ ಮಾತು. ಎಲ್ಲರಿಗೂ ಅರ್ಧ ತಾಸು ಅಂತ ಒಂದೇ ಅಳತೆ ಹಾಕಬೇಡಿ. ಓದು, ಹುಡುಕಾಟ, ವಿಡಿಯೊ ಪಾಠಕ್ಕೆ 30 ನಿಮಿಷ ಸರಿ. ಆದರೆ ನೇಮಕಾತಿ ಅರ್ಜಿ ತುಂಬುವವರಿಗೆ ಅದು ಸಾಲದು. ಫೋಟೊ, ಸಹಿ, ಜಾತಿ ಪ್ರಮಾಣಪತ್ರ, 371ಜೆ ಪ್ರಮಾಣಪತ್ರ ಎಲ್ಲ ಅಪ್‌ಲೋಡ್ ಮಾಡಿ, ಓಟಿಪಿ ಬರುವ ತನಕ ಕಾದು, ಶುಲ್ಕ ಕಟ್ಟುವಷ್ಟರಲ್ಲಿ ಒಂದು ತಾಸು ಸುಲಭವಾಗಿ ಹೋಗುತ್ತದೆ. ನಡುವೆ ಎಬ್ಬಿಸಿದರೆ ಸೆಷನ್ ಮುಗಿದು, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಒಂದು ಕಂಪ್ಯೂಟರನ್ನು ಅರ್ಜಿಗಳಿಗೇ ಬಿಡಿ. ಅದಕ್ಕೆ 60 ನಿಮಿಷದ ಪಾಳಿ, ಮುಂಚೆಯೇ ಹೆಸರು ಬರೆಸಬೇಕು. ಹೇಳಿದ ಹೊತ್ತಿಗೆ 10 ನಿಮಿಷ ತಡವಾದರೆ ಮುಂದಿನವರಿಗೆ. ಕೊನೆಯ ದಿನಾಂಕದ ಸಂಜೆ ಇಲಾಖೆಗಳ ಸರ್ವರ್ ತೆವಳುತ್ತದೆ. ಕೊನೆಯ ಎರಡು ದಿನ ಬೆಳಗಿನ ಪಾಳಿ ಅರ್ಜಿಯವರಿಗೇ ಮೀಸಲು ಅಂತ ಫಲಕದಲ್ಲೇ ಬರೆದುಬಿಡಿ.

ಮಕ್ಕಳ ವಿಷಯ. ಪರದೆಗಳು ಗೋಡೆ ಕಡೆ ತಿರುಗಿರಬಾರದು, ಮೇಲ್ವಿಚಾರಕರ ಕುರ್ಚಿಯಿಂದ ಕಾಣಬೇಕು. ಸೈಬರ್ ಕೆಫೆಗಳಿಗೆ 2011ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲೂ ಇದೇ ಇದೆ: ಪರದೆ ಎಲ್ಲರೂ ಓಡಾಡುವ ಜಾಗದ ಕಡೆಗಿರಬೇಕು, ಅಡ್ಡಗೋಡೆ ನೆಲದಿಂದ ನಾಲ್ಕೂವರೆ ಅಡಿ ಮೀರಬಾರದು. ಆ ನಿಯಮ ಬರೆದದ್ದು ವ್ಯವಹಾರವಾಗಿ ಇಂಟರ್ನೆಟ್ ಕೊಡುವ ಅಂಗಡಿಗಳಿಗೆ. ಪುಕ್ಕಟೆ ಗ್ರಂಥಾಲಯಕ್ಕೆ ಅದನ್ನು ಇಡಿಯಾಗಿ ತಂದು ಹೇರುವುದು ಬೇಡ, ಈ ಎರಡು ಅಂಶ ಎತ್ತಿಕೊಂಡರೆ ಸಾಕು.

ರಿಜಿಸ್ಟರಿನಲ್ಲಿ ಹೆಸರು, ಸದಸ್ಯತ್ವದ ಸಂಖ್ಯೆ, ಕಂಪ್ಯೂಟರ್ ಸಂಖ್ಯೆ, ಕುಳಿತ ಹೊತ್ತು, ಎದ್ದ ಹೊತ್ತು, ಸಹಿ ಇರಲಿ. ಸದಸ್ಯರಲ್ಲದವರಿಂದ ಆಧಾರ್ ಜೆರಾಕ್ಸ್ ಇಸ್ಕೊಂಡು ಒಂದು ಫೈಲಿನಲ್ಲಿ ಇಡುವುದು ಒಳ್ಳೆಯದು. ನಾಳೆ ಪೊಲೀಸರು ಬಂದು ಕೇಳಿದರೆ ಉತ್ತರ ಇರಬೇಕಲ್ಲ.

ಗಂಗಾವತಿ ನೆಟ್‌ವರ್ಕ್

ಕಪಾಟು ಸರ್, ಜೆರಾಕ್ಸ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಲಾರೆ. ಬೀಗವಿಲ್ಲದ ಕಪಾಟಿನಲ್ಲಿ ಊರಿನವರ ಆಧಾರ್ ಪ್ರತಿ ರಾಶಿ ಬಿದ್ದಿದ್ದರೆ ಅದೇ ದೊಡ್ಡ ಅಪಾಯ. ಗುರುತಿನ ಚೀಟಿ ನೋಡಿ, ಯಾವ ಚೀಟಿ ಅಂತ ಬರೆದುಕೊಂಡು, ಕೊನೆಯ ನಾಲ್ಕು ಅಂಕಿ ಗುರುತು ಹಾಕಿ ವಾಪಸ್ ಕೊಡಿ. ಯಾರು, ಯಾವತ್ತು, ಯಾವ ಕಂಪ್ಯೂಟರ್ ಅನ್ನುವುದು ಅಷ್ಟರಲ್ಲೇ ಸಿಗುತ್ತದೆ. ಮೊಬೈಲ್ ನಂಬರಿನ ಕಾಲಂ ಸಹ ತೆರೆದ ರಿಜಿಸ್ಟರಿನಲ್ಲಿ ಬೇಡ, ಹೆಣ್ಣುಮಕ್ಕಳ ನಂಬರ್ ಮುಂದೆ ಸಹಿ ಮಾಡುವವರೆಲ್ಲ ಓದುತ್ತಾರೆ.

ಫಲಕಕ್ಕಿಂತ ಸೆಟ್ಟಿಂಗ್ ಮುಖ್ಯ ಅನ್ನೋದು ನನ್ನ ಖಚಿತ ಅಭಿಪ್ರಾಯ. "ಲಾಗೌಟ್ ಮಾಡಿ" ಅಂತ ಎಷ್ಟು ದೊಡ್ಡದಾಗಿ ಬರೆದರೂ ಜನ ಮರೆಯುತ್ತಾರೆ. ಯಂತ್ರವೇ ಅಳಿಸಿ ಹಾಕಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಮೂರು ಯಂತ್ರಗಳಲ್ಲಿ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಹೊಸ ಪ್ರೊಸೆಸರ್ ಇದ್ದರೆ 11ಕ್ಕೆ ಏರಿಸಿ. ಇಲ್ಲದಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಖರ್ಚಿಲ್ಲ. ಅದರ ಲಾಗಿನ್ ವಿಂಡೋ ಸೆಟ್ಟಿಂಗಿನಲ್ಲಿ ಬಳಕೆದಾರರ ಪುಟಕ್ಕೆ ಹೋಗಿ ಅತಿಥಿ ಸೆಷನ್‌ಗೆ ಅನುಮತಿ ಕೊಡಿ. ಅತಿಥಿಯಾಗಿ ಕುಳಿತವರು ಲಾಗೌಟ್ ಆದ ಕೂಡಲೇ ಡೌನ್‌ಲೋಡ್, ಪಾಸ್‌ವರ್ಡ್, ಇತಿಹಾಸ ಎಲ್ಲ ಹೋಗುತ್ತದೆ. ಕನ್ನಡ ಟೈಪಿಂಗಿಗೆ ಕೆಜಿಪಿ ಕೀಲಿಮಣೆ ಸೇರಿಸಿದರೆ ನುಡಿ ತಂತ್ರಾಂಶದಲ್ಲಿ ಕಲಿತವರ ಬೆರಳಿಗೆ ಅದೇ ವಿನ್ಯಾಸ ಸಿಗುತ್ತದೆ, ಅದೂ ಯೂನಿಕೋಡ್‌ನಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಜಾಲತಾಣದ ಅರ್ಜಿಗೆ ಅಂಟಿಸಿದರೆ ಅಕ್ಷರವೆಲ್ಲ ಗೊಜಲಾಗುತ್ತದೆ.

ವಿಂಡೋಸ್ 11ರ ಯಂತ್ರದಲ್ಲಿ "ಓದುಗ" ಅಂತ ಒಂದು ಸ್ಟ್ಯಾಂಡರ್ಡ್ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ ಇರಲಿ. ಕ್ರೋಮ್ ಗೆಸ್ಟ್ ಮೋಡ್‌ನಲ್ಲೇ ತೆರೆಯುವಂತೆ ಮಾಡಿ. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ: ಗೆಸ್ಟ್ ಅಥವಾ ಇನ್‌ಕಾಗ್ನಿಟೊ ಮುಚ್ಚಿದರೆ ಇತಿಹಾಸ, ಲಾಗಿನ್ ಅಳಿಯುತ್ತದೆ, ಆದರೆ ಡೌನ್‌ಲೋಡ್ ಆದ ಫೈಲ್ ಫೋಲ್ಡರಿನಲ್ಲಿ ಹಾಗೇ ಕುಳಿತಿರುತ್ತದೆ. ಹಳೆಯ ಫೈಲ್ ತಾನೇ ತೆಗೆಯುವ ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಅದನ್ನು ಅಳಿಸಲು ಕನಿಷ್ಠ ಒಂದು ದಿನ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಎಷ್ಟೋ ಜನ ಕುಳಿತೆದ್ದಿರುತ್ತಾರೆ. ರೀಸ್ಟಾರ್ಟ್ ಆದಾಗ ಡಿಸ್ಕನ್ನು ಹಳೆಯ ಸ್ಥಿತಿಗೆ ತರುವ ಡೀಪ್ ಫ್ರೀಜ್ ತರಹದ ತಂತ್ರಾಂಶ ಹಾಕಿದರೆ ಇದು ಬಗೆಹರಿಯುತ್ತದೆ. ಆದರೆ ಅದು ವಿಂಡೋಸ್ ಅಪ್‌ಡೇಟನ್ನೂ ಅಳಿಸುತ್ತದೆ! ಹಾಗಾಗಿ ವಾರಕ್ಕೊಮ್ಮೆ, ರಜೆಗೆ ಮುಂಚಿನ ಸಂಜೆ, ಅದನ್ನು ತೆರವು ಮಾಡಿ ಅಪ್‌ಡೇಟ್ ಮುಗಿಸಿ ಮತ್ತೆ ಹಾಕಬೇಕು.

ಯೂಟ್ಯೂಬ್ ಬಂದ್ ಮಾಡಬೇಡಿ, ಪಿಯುಸಿ ಮಕ್ಕಳ ಅರ್ಧ ಪಾಠ ಅಲ್ಲೇ ಇದೆ. 480ಪಿ ವಿಡಿಯೊಗೆ ಒಂದೆರಡು ಎಂಬಿಪಿಎಸ್ ಸಾಕು, 1080ಪಿಗೆ ಐದರಷ್ಟು. ನಾಲ್ಕೂ ಕಡೆ ಓಡಿದರೂ ನಿಮ್ಮ 30 ತಡೆಯುತ್ತದೆ. ನೆಟ್ ನಿಧಾನ ಅನ್ನಿಸಿದರೆ ಮೊದಲು ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯುತ್ತಿದೆಯಾ ನೋಡಿ. ಅಶ್ಲೀಲ ತಾಣ ತಡೆಯಲು ರೌಟರಿನ ಡಿಎನ್‌ಎಸ್ (ತಾಣದ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿ. ಕ್ಲೌಡ್‌ಫ್ಲೇರ್‌ನ ಈ ಪುಕ್ಕಟೆ ಸೇವೆ ವೈರಸ್ ತಾಣಗಳನ್ನೂ ತಡೆಯುತ್ತದೆ. ಬ್ರೌಸರಿನಲ್ಲಿ "ಸೆಕ್ಯೂರ್ ಡಿಎನ್‌ಎಸ್" ಆಫ್ ಮಾಡದಿದ್ದರೆ ರೌಟರನ್ನು ದಾಟಿ ಹೋಗಲು ದಾರಿ ಉಳಿಯುತ್ತದೆ. ರೌಟರಿನ ಹಿಂದೆ ಅಂಟಿಸಿರುವ ಕಂಪನಿಯ ಪಾಸ್‌ವರ್ಡನ್ನೂ ಮೊದಲ ದಿನವೇ ಬದಲಿಸಿ.

ಪೆನ್‌ಡ್ರೈವ್ ಒಂದೇ ಯಂತ್ರದಲ್ಲಿ, ಆಟೊಪ್ಲೇ ಆಫ್ ಮಾಡಿ, ಸ್ಕ್ಯಾನ್ ಮಾಡಿದ ಮೇಲೆ. ಫೋಲ್ಡರೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿ ಕಂಡರೆ ಅದನ್ನು ಒತ್ತಬಾರದು. ಒಳಗಿನ ಫೈಲ್ ಹೋಗಿರುವುದಿಲ್ಲ, ವೈರಸ್ ಅದನ್ನು ಅಡಗಿಸಿರುತ್ತದೆ ಅಷ್ಟೇ.

ಅರ್ಜಿ ಮಿತ್ರ

ಸ್ಕ್ಯಾನರ್ ಕಡೆ ಯಾರೂ ಗಮನ ಕೊಡುವುದಿಲ್ಲ, ಅದಕ್ಕೇ ಹೇಳುತ್ತೇನೆ. ಮೂಲ ಅಂಕಪಟ್ಟಿ ಗಾಜಿನ ಮೇಲೇ ಬಿಟ್ಟು ಮನೆಗೆ ಹೋಗುವವರು ದಂಡಿಯಾಗಿ ಸಿಗುತ್ತಾರೆ. "ಮುಚ್ಚಳ ಎತ್ತಿ ನೋಡಿ" ಅಂತ ಮುಚ್ಚಳದ ಮೇಲೇ ಚೀಟಿ ಅಂಟಿಸ್ರಿ. ಸ್ಕ್ಯಾನ್ ಆದ ಪ್ರತಿ ಅಡ್ಮಿನ್ ಖಾತೆಯ ಫೋಲ್ಡರಿಗೆ ಹೋಗಿ ಕೂಡದಂತೆ ನೋಡಿಕೊಳ್ಳಿ, ಅದು ಓದುಗ ಖಾತೆಯ ಒಳಗೇ ಉಳಿಯಬೇಕು. ಪ್ರಿಂಟ್ ಬರಲಿಲ್ಲ ಅಂತ ನಾಲ್ಕು ಸಲ ಒತ್ತಿ ಎದ್ದು ಹೋದರೆ, ಆಮೇಲೆ ಕಾಗದ ಹಾಕಿದಾಗ ಅವರ ದಾಖಲೆ ಇನ್ನೊಬ್ಬರ ಕೈಗೆ ಬರುತ್ತದೆ. ಪಾಳಿ ಬದಲಾದಾಗ ಪ್ರಿಂಟ್ ಕ್ಯೂ ಖಾಲಿ ಮಾಡಿ.

ಪಿಡಿಎಫ್ ಚಿಕ್ಕದು ಮಾಡಲು ಜನ ಗೂಗಲ್‌ನಲ್ಲಿ ಸಿಕ್ಕ ಯಾವುದೋ ತಾಣಕ್ಕೆ ಜಾತಿ ಪ್ರಮಾಣಪತ್ರ, ಆಧಾರ್ ಎಲ್ಲ ಏರಿಸುತ್ತಾರೆ. ಇದನ್ನು ನಿಲ್ಲಿಸಬೇಕು. ಸ್ಕ್ಯಾನ್ ಮಾಡುವಾಗಲೇ 600 ಡಿಪಿಐ ಬಣ್ಣದ ಬದಲು 200 ಡಿಪಿಐ ಗ್ರೇ ಇಟ್ಟರೆ ಹಲವು ಎಂಬಿಯ ಪುಟ ಕೆಲವು ನೂರು ಕೆಬಿಗೆ ಇಳಿಯುತ್ತದೆ. ಇನ್ನೂ ಇಳಿಸಬೇಕಾದರೆ ಲಿಬ್ರೆಆಫೀಸ್ ಡ್ರಾನಲ್ಲಿ ತೆರೆದು, ಜೆಪೆಗ್ ಗುಣಮಟ್ಟ ಕಡಿಮೆ ಮಾಡಿ ಪಿಡಿಎಫ್ ಆಗಿ ಉಳಿಸಿ. 3.5 x 4.5 ಸೆಂ.ಮೀ. ಫೋಟೊ ಕೇಳಿದರೆ 200 ಡಿಪಿಐ ಲೆಕ್ಕದಲ್ಲಿ 276 x 354 ಪಿಕ್ಸೆಲ್. ಪೇಂಟ್‌ನಲ್ಲಿ ಮೊದಲು ಆ ಆಕಾರಕ್ಕೆ ಕತ್ತರಿಸಿ, ಆಮೇಲೆ ರೀಸೈಜ್ ಮಾಡಿ. ಇಲ್ಲದಿದ್ದರೆ ಮುಖ ಎಳೆದಂತಾಗಿ ಅರ್ಜಿ ತಿರಸ್ಕೃತವಾಗಬಹುದು.

ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆ ಅಂತ ಧೈರ್ಯದಿಂದ ಬಿಟ್ಟು ಹೋಗುತ್ತಾರೆ. ಆ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಮುಂದೆ ಹುಟ್ಟಿದ ವರ್ಷ. ಊರಿನಲ್ಲಿ ಇವೆರಡು ಯಾರಿಗೆ ಗೊತ್ತಿರುವುದಿಲ್ಲ? ಮಾಸ್ಕ್ ಮಾಡಿದ (ಮೊದಲ ಎಂಟು ಅಂಕಿ ಮರೆಸಿದ) ಆಧಾರ್ ಇಳಿಸಿಕೊಳ್ಳಲಿ, ಪ್ರಿಂಟ್ ಆದ ಕೂಡಲೇ ಶಿಫ್ಟ್ ಒತ್ತಿ ಡಿಲೀಟ್ ಮಾಡಲಿ.

ಮೇಲ್ವಿಚಾರಕರು ಸಹಾಯ ಮಾಡಬೇಕು ನಿಜ, ಆದರೆ ಯಾರದೇ ಪಾಸ್‌ವರ್ಡ್ ಟೈಪ್ ಮಾಡಬಾರದು, ಓಟಿಪಿಯನ್ನು ಗಟ್ಟಿಯಾಗಿ ಓದಿಸಬಾರದು. ಫೋನ್ ನೋಡಿಕೊಂಡು ಅವರೇ ಒತ್ತಲಿ. ಶುಲ್ಕಕ್ಕೆ ನೆಟ್‌ಬ್ಯಾಂಕಿಂಗ್ ಬೇಡ, ಪರದೆ ಮೇಲಿನ ಕ್ಯೂಆರ್ ಅನ್ನು ತಮ್ಮ ಫೋನಿಂದ ಸ್ಕ್ಯಾನ್ ಮಾಡಲಿ. ವಾಟ್ಸ್‌ಆ್ಯಪ್ ವೆಬ್ ಬಿಟ್ಟು ಹೋಗಿದ್ದರೆ ಫೋನಿನ "ಲಿಂಕ್ಡ್ ಡಿವೈಸಸ್"ನಿಂದ ಮನೆಯಲ್ಲೇ ಕುಳಿತು ತೆಗೆಯಬಹುದು. ಹಣ ಮೋಸವಾದರೆ 1930 ಅನ್ನುವುದು ಫಲಕದಲ್ಲಿ ದೊಡ್ಡದಾಗಿ ಇರಲಿ.

ಕುಷ್ಟಗಿ ಸೀಮೆ

ಬಹಳ ಉಪಕಾರ ಆತ್ರಿ. ಇನ್ನೆರಡು ಕೇಳ್ತೀನಿ. ಏಪ್ರಿಲ್-ಮೇನಾಗ ಕರೆಂಟ್ ಹೋಗಿ ಬಂದು ಮಾಡ್ತದ, ಶುಲ್ಕ ಕಟ್ಟೋ ಹೊತ್ತಿಗೇ ಬಂದ್ ಆದರ ಏನು ಮಾಡಬೇಕು? ಕಣ್ಣು ಕಾಣದ ಒಬ್ಬ ಪದವಿ ವಿದ್ಯಾರ್ಥಿಯೂ ಬರ್ತೀನಿ ಅಂದಾನ, ಅವನಿಗೆ ಏನು ವ್ಯವಸ್ಥೆ ಮಾಡಬಹುದು?

ಗಂಗಾವತಿ ನೆಟ್‌ವರ್ಕ್

600 ವಿಎ ಯುಪಿಎಸ್ ಒಂದು ಕಂಪ್ಯೂಟರನ್ನು 10-15 ನಿಮಿಷ ಎಳೆಯುತ್ತದೆ, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ಪ್ರಿಂಟರ್ ಲೇಸರ್ ಆಗಿದ್ದರೆ ಅದಕ್ಕೆ ಸಿಕ್ಕಿಸಬೇಡಿ, ಒಳಗಿನ ಫ್ಯೂಸರ್ (ಪುಡಿಯನ್ನು ಕಾಗದಕ್ಕೆ ಅಂಟಿಸುವ ಬಿಸಿ ಉರುಳೆ) ಕಾಯುವಾಗ ಎಳೆಯುವ ವಿದ್ಯುತ್ತಿಗೆ ಯುಪಿಎಸ್ ಕೂಗಿ ನಿಲ್ಲುತ್ತದೆ. ಬಹಳ ಕಡೆ ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ಫೈಬರ್ ಪೆಟ್ಟಿಗೆ ಮಾತ್ರ ಗೋಡೆಯ ಪ್ಲಗ್ಗಿನಲ್ಲಿರುತ್ತದೆ. ಕರೆಂಟ್ ಹೋದರೆ ಪರದೆ ಉರಿಯುತ್ತಿದ್ದರೂ ನೆಟ್ ಸತ್ತಿರುತ್ತದೆ. ಪೆಟ್ಟಿಗೆಯ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ, ಅದಕ್ಕೆ ಹೊಂದುವ ಮಿನಿ ಯುಪಿಎಸ್ ತನ್ನಿ.

ಹಣ ಕಡಿತವಾಗಿ ಅರ್ಜಿಯಲ್ಲಿ ಕಾಣದಿದ್ದರೆ ಕೂಡಲೇ ಎರಡನೇ ಸಲ ಕಟ್ಟಬಾರದು. ಅರ್ಜಿ ಸಂಖ್ಯೆ ಹಾಕಿ ಪಾವತಿಯ ಸ್ಥಿತಿ ನೋಡಿ, ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಅದಕ್ಕಾಗಿಯೇ ಶುಲ್ಕದ ಪುಟಕ್ಕೆ ಹೋಗುವ ಮುಂಚೆ ಅರ್ಜಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳುವ ನಿಯಮ ಇರಲಿ.

ಇನ್ನೊಂದು: ಬೆಳಗ್ಗೆ ಬಾಗಿಲು ತೆಗೆದಾಗ ಸಿಪಿಯು ಹಿಂದೆ ನೋಡಿ. ಕೀಬೋರ್ಡ್ ವೈರಿಗೂ ಯುಎಸ್‌ಬಿ ಕಿಂಡಿಗೂ ನಡುವೆ ಬೆರಳಿನ ಗೆಣ್ಣಿನಷ್ಟು ಒಂದು ತುಂಡು ಸಿಕ್ಕಿಸಿದ್ದರೆ ಅದು ಒತ್ತಿದ ಕೀಲಿಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಕೀಲಾಗರ್ ಆಗಿರಬಹುದು. ಕಿತ್ತಿಟ್ಟು, ಪಂಚಾಯಿತಿಗೆ ಬರೆದು ತಿಳಿಸಿ.

ಪುಸ್ತಕದ ಕಪಾಟು

ಜೆರಾಕ್ಸ್ ಬದಲು ಕೊನೆಯ ನಾಲ್ಕು ಅಂಕಿ ಅನ್ನುವುದು ಸರಿಯಾದ ದಾರಿ, ಹಾಗೇ ಮಾಡಿ.

ಆ ವಿದ್ಯಾರ್ಥಿಗೆ ವಿಂಡೋಸ್ ಯಂತ್ರದಲ್ಲಿ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿ, ಪುಕ್ಕಟೆ ಸಿಗುತ್ತದೆ. ಕಂಟ್ರೋಲ್, ಆಲ್ಟ್, ಎನ್ ಮೂರೂ ಕೂಡಿ ಒತ್ತಿದರೆ ಶುರುವಾಗುತ್ತದೆ, ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಡೀಪ್ ಫ್ರೀಜ್ ಹಾಕುವ ಮುಂಚೆಯೇ ಇದನ್ನು ಹಾಕಿ, ಧ್ವನಿ, ವೇಗ ಹೊಂದಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ರತಿ ಸಲ ರೀಸ್ಟಾರ್ಟ್ ಆದಾಗ ಹೋಗಿಬಿಡುತ್ತದೆ. ಹೆಡ್‌ಫೋನ್ ಒಂದು ತೆಗೆದಿಡಿ. ಪರದೆ ಓದುತ್ತ ಅರ್ಜಿ ತುಂಬಲು ಹೊತ್ತು ಹೆಚ್ಚು ಹಿಡಿಯುತ್ತದೆ, ಅವನಿಗೆ ಎರಡು ಪಾಳಿ ಒಟ್ಟಿಗೆ ಕೊಡಿ. ಕ್ಯಾಪ್ಚಾ ಚಿತ್ರ ಬಂದಾಗ ಮಾತ್ರ ಪಕ್ಕದಲ್ಲಿ ನಿಂತು ಅಕ್ಷರ ಓದಿ ಹೇಳಿದರೆ ಸಾಕು, ಉಳಿದದ್ದನ್ನು ಅವನೇ ಮಾಡಿಕೊಳ್ಳುತ್ತಾನೆ.